ತಾಯಿ ಕಾರ್ಡಿನಲ್ಲಿ ಬಾಯಿಯ ಮಾತೂ ಇರಲಿ

(ಮಹದೇವಪುರದಲ್ಲಿ ಗಾರ್ಮೆಂಟ್ ಕೆಲಸಗಾರರೂ ಬೀದಿಯ ಅಂಗಡಿಕಾರರೂ ಕೂಡಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ಬಸುರಿ ಹೆಣ್ಣುಮಕ್ಕಳ ಹಲ್ಲು ವಸಡುಗಳ ವಿಷಯ ಮಾತನಾಡುತ್ತೇವೆಂದು ತಿಳಿಸಿದಾಗ ನಮ್ಮ ಸಂಗಾತಿಗಳಲ್ಲೇ ಕೆಲವರು ನಕ್ಕರು. “ಕೂಲಿ ಬಿಟ್ಟು, ಮನೆ ಬಾಡಿಗೆ ಬಿಟ್ಟು, ಹಲ್ಲಿಗೆ ಬಂದಿರಾ ಮೇಷ್ಟ್ರೆ?” ಎಂದು ಕೇಳಿದರು. ನಾವೂ ಅವರ ಜೊತೆಗೇ ನಕ್ಕೆವು. ಆದರೆ ಈ ಹಲ್ಲಿನ ಮಾತು ಕೊನೆಗೆ ಕೂಲಿಗೇ ಬಂದು ಮುಟ್ಟುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಕೇಳಿದರೆ ನೀವೇ ಕಾಣುವಿರಿ.

ಮೊದಲೇ ಒಂದು ಮಾತು. ನಾವು ವೈದ್ಯರಲ್ಲ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದು ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಇಲ್ಲಿ ಹೇಳುವುದು ತಿಳಿದವರನ್ನು ಕೇಳಿ, ಓದಿ, ನಮ್ಮ ಮನೆಯಲ್ಲೇ ಅನುಭವಿಸಿ ಕಲಿತದ್ದು.

ಮನೆಯ ಅನುಭವವನ್ನೇ ಮೊದಲು ಹೇಳುತ್ತೇವೆ. ನಮ್ಮ ತಂಗಿ ಇಲ್ಲಿಯ ಒಂದು ಗಾರ್ಮೆಂಟಿನಲ್ಲಿ ಟೈಲರು. ಚೊಚ್ಚಲ ಬಸುರಿ. ನಾಲ್ಕನೆಯ ತಿಂಗಳಿನಿಂದಲೇ ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ತಾಯಿ ಕಾರ್ಡು ಮಾಡಿಸಿದ್ದಳು. ತಪಾಸಣೆಗೆ ತಪ್ಪದೆ ಹೋಗುತ್ತಿದ್ದಳು. ತೂಕ ನೋಡಿದರು, ರಕ್ತದ ಒತ್ತಡ ನೋಡಿದರು, ರಕ್ತ, ಮೂತ್ರ ಪರೀಕ್ಷಿಸಿದರು, ಕಬ್ಬಿಣದ ಮಾತ್ರೆ ಕೊಟ್ಟರು. ಇವೆಲ್ಲ ಒಳ್ಳೆಯ ಕೆಲಸವೇ. ಆದರೆ “ಬಾಯಿ ತೆಗೆಯಮ್ಮ, ನೋಡೋಣ” ಎಂದು ಯಾರೂ ಹೇಳಲಿಲ್ಲ. ಅವಳೂ ಹೇಳಿಕೊಳ್ಳಲಿಲ್ಲ. ಹಲ್ಲಿನ ವಿಷಯ ಅಲ್ಲಿ ಹೇಳುವುದಲ್ಲ ಎಂದು ಅವಳ ಎಣಿಕೆ.

ಆರನೆಯ ತಿಂಗಳಲ್ಲಿ ದವಡೆ ಹಲ್ಲು ನೋಯಲು ಹತ್ತಿತು. ಸಂಜೆ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದಳು. “ಬಸುರಿಗೆ ಈಗ ಏನೂ ಮಾಡುವುದಿಲ್ಲ, ಹೆರಿಗೆಯಾದ ಮೇಲೆ ಬನ್ನಿ” ಎಂದು ಕಳುಹಿಸಿದರು. ಮುಂದಿನ ತಪಾಸಣೆಯಲ್ಲಿ ಕೇಳಿದರೆ, “ಅದು ಹಲ್ಲಿನ ಡಾಕ್ಟರ ಕೆಲಸ” ಎಂದರು. ಆಚೆಯವರು ಈಚೆ ತೋರಿಸಿದರು, ಈಚೆಯವರು ಆಚೆ ತೋರಿಸಿದರು. ನಡುವೆ ನಿಂತವಳಿಗೆ ಕಂಡದ್ದು ಮೆಡಿಕಲ್ ಶಾಪು. ನೋವಿನ ಮಾತ್ರೆ ತಂದು ನುಂಗಿದಳು, ಟಾರ್ಗೆಟ್ ಮುಗಿಸಿದಳು. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದರೆ ಕೆನ್ನೆ ಊದಿ ಕುತ್ತಿಗೆಯವರೆಗೆ ಇಳಿದಿದೆ. ಮೈ ಸುಡುತ್ತಿದೆ. ಬಾಯಿ ತೆರೆಯಲಾಗದು, ಗಂಜಿಯೂ ಒಳಗೆ ಹೋಗದು. ಆಸ್ಪತ್ರೆಗೆ ಸೇರಿಸಿ, ಕೀವು ತೆಗೆದು, ಹಲ್ಲು ಕಿತ್ತು, ನಾಲ್ಕು ದಿನ ಇಟ್ಟುಕೊಂಡರು. ದಿನ ತುಂಬುವುದಕ್ಕೆ ನಾಲ್ಕು ವಾರ ಮುಂಚೆ ಹೆರಿಗೆಯಾಯಿತು. ದೇವರ ದಯ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹಲ್ಲಿನಿಂದಲೇ ಬೇಗ ಹೆರಿಗೆಯಾಯಿತೆಂದು ವೈದ್ಯರು ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆದರೆ ನಾಲ್ಕನೆಯ ತಿಂಗಳಲ್ಲಿ ಎರಡು ನಿಮಿಷದಲ್ಲಿ ಕಾಣಬಹುದಾಗಿದ್ದ ಹುಳುಕು ಏಳನೆಯ ತಿಂಗಳಲ್ಲಿ ನಾಲ್ಕು ದಿನದ ಆಸ್ಪತ್ರೆಯಾಯಿತು. ಇಷ್ಟನ್ನು ಮಾತ್ರ ಗಟ್ಟಿಯಾಗಿ ಹೇಳಬಲ್ಲೆವು.

ಇದಾದ ಮೇಲೆ ನಮ್ಮ ವಠಾರದ ಹೆಣ್ಣುಮಕ್ಕಳ ತಾಯಿ ಕಾರ್ಡುಗಳನ್ನು ಕೇಳಿ ಪಡೆದು ನೋಡಿದೆವು. ನಾವು ನೋಡಿದ ಒಂದರಲ್ಲೂ ಹಲ್ಲು ವಸಡಿನ ಬಗ್ಗೆ ಒಂದಕ್ಷರ ಬರೆದದ್ದು ಕಾಣಲಿಲ್ಲ.

ಬಸುರಿನಲ್ಲಿ ಬಾಯಿಗೆ ಏನಾಗುತ್ತದೆ? ಬಸುರಿಯ ಮೈಯಲ್ಲಿ ಕೆಲವು ರಸಗಳು, ಅಂದರೆ ಹಾರ್ಮೋನುಗಳು, ಬಹಳ ಹೆಚ್ಚುತ್ತವೆ. ಅವುಗಳಿಂದ ವಸಡಿಗೆ ರಕ್ತದ ಓಟ ಜಾಸ್ತಿಯಾಗುತ್ತದೆ. ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟಿಕೊಂಡಿದ್ದರೆ, ಬೇರೆ ಕಾಲದಲ್ಲಿ ಸುಮ್ಮನಿರುತ್ತಿದ್ದ ವಸಡು ಈಗ ಕೆಂಪಾಗಿ ಊದಿ ಮುಟ್ಟಿದರೆ ರಕ್ತ ಸುರಿಸುತ್ತದೆ. ಎರಡನೆಯ ಮೂರನೆಯ ತಿಂಗಳಿನಲ್ಲಿ ಮೊದಲಾಗಿ ಎಂಟನೆಯ ತಿಂಗಳವರೆಗೆ ಏರುತ್ತ ಹೋಗುತ್ತದೆ. ಕೆಲವರಿಗೆ ಹಲ್ಲಿನ ಸಂದಿಯಲ್ಲಿ ಕೆಂಪು ಗಂಟು ಬೆಳೆಯುವುದುಂಟು. ಕ್ಯಾನ್ಸರೆಂದು ಹೆದರುತ್ತಾರೆ. ಅದು ಕ್ಯಾನ್ಸರಲ್ಲ, ಸಾಮಾನ್ಯವಾಗಿ ಹೆರಿಗೆಯ ನಂತರ ಕುಗ್ಗುತ್ತದೆ. ಆದರೂ ವೈದ್ಯರಿಗೆ ತೋರಿಸಿಯೇ ನಿಶ್ಚಯಿಸಿಕೊಳ್ಳಬೇಕು.

ಎರಡನೆಯದು ವಾಂತಿ. ಹೊಟ್ಟೆಯ ಹುಳಿ ಬಾಯಿಗೆ ಬಂದು ಹಲ್ಲಿನ ಮೇಲುಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಆ ಗಳಿಗೆಯಲ್ಲೇ ಬ್ರಷ್ಷಿನಿಂದ ಉಜ್ಜಿದರೆ ಹೊದಿಕೆ ಸವೆಯುತ್ತದೆ. ಆದ್ದರಿಂದ ವಾಂತಿಯಾದ ಕೂಡಲೆ ಉಜ್ಜಬಾರದು. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡಿಗೆ ಸೋಡ ಕದಡಿ ಬಾಯಿ ಮುಕ್ಕಳಿಸಿ ಉಗುಳಬೇಕು. ಸೋಡ ಇಲ್ಲದಿದ್ದರೆ ಬರೀ ನೀರು. ಅರ್ಧ ಗಂಟೆ ಬಿಟ್ಟು ಉಜ್ಜಬಹುದು. ಇದಕ್ಕೆ ಏನು ಖರ್ಚು? ಆದರೆ ಫ್ಯಾಕ್ಟರಿಯಲ್ಲಿ ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಜರ್ ಗಡಿಯಾರ ನೋಡುವನೆಂದು ಹೆದರಿ, ನೀರನ್ನೇ ಕುಡಿಯದೆ, ಬಾಯಿಯನ್ನೂ ತೊಳೆಯದೆ ಮಿಷನ್ನಿನ ಮುಂದೆ ಕುಳಿತ ಬಸುರಿಯರು ಈ ಸಭೆಯಲ್ಲೇ ಇದ್ದೀರಿ. ಅವರಿಗೆ ಲೋಟದ ನೀರೂ ದೊಡ್ಡ ಖರ್ಚೆ.

ಮೂರನೆಯದು ಊಟದ ಹೊತ್ತು. ಬಸುರಿಗೆ ಒಮ್ಮೆಗೇ ತಿನ್ನಲಾಗುವುದಿಲ್ಲ, ಗಳಿಗೆಗೊಮ್ಮೆ ಬಿಸ್ಕತ್ತು, ಬನ್ನು, ಸಿಹಿ ಟೀ. ತಿನ್ನುವುದು ತಪ್ಪಲ್ಲ. ಆದರೆ ಸಿಹಿ ಬಾಯಲ್ಲೇ ನಿಂತರೆ ಹುಳುಕು ಹೆಚ್ಚುತ್ತದೆ. ತಿಂದ ಮೇಲೆ ನೀರು ಮುಕ್ಕಳಿಸಿ. ಆದಷ್ಟೂ ಬಿಸ್ಕತ್ತಿನ ಬದಲು ಕಡಲೆಕಾಯಿ, ಹುರಿಗಡಲೆ, ಹಣ್ಣು ತಿನ್ನಿ.

ಹಳ್ಳಿಗಳಲ್ಲಿ ಒಂದು ನಂಬಿಕೆಯುಂಟು: ಹೊಟ್ಟೆಯ ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದೆ, ಹೆರಿಗೆಗೊಂದು ಹಲ್ಲು ಹೋಗುವುದು ಸಹಜ ಎಂದು. ನಮ್ಮ ಅಜ್ಜಿಯೂ ಹೀಗೆಯೇ ಹೇಳುತ್ತಿದ್ದರು. ಇದು ನಿಜವಲ್ಲ. ಮಗುವಿಗೆ ಬೇಕಾದ ಸುಣ್ಣ ತಾಯಿಯ ಊಟದಿಂದ ಬರುತ್ತದೆ, ಸಾಲದಾದರೆ ಮೂಳೆಯಿಂದ ಹೋಗುತ್ತದೆ. ಹಲ್ಲಿನಿಂದ ಹೋಗುವುದಿಲ್ಲ. ಹಲ್ಲು ಹೋಗುವುದು ನೋಡಿಕೊಳ್ಳದೆ ಬಿಟ್ಟದ್ದರಿಂದ. ಇದನ್ನು ಸಹಜವೆಂದು ಒಪ್ಪಿಕೊಂಡರೆ ಕೇಳುವವರೇ ಇಲ್ಲವಾಗುತ್ತಾರೆ.

ಎರಡನೆಯ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ: ಬಸುರಿನಲ್ಲಿ ಹಲ್ಲಿಗೆ ಕೈ ಹಚ್ಚಬಾರದು ಎಂಬುದು. ಅಮೆರಿಕದಲ್ಲಿ ವಸಡಿನ ರೋಗವಿದ್ದ 823 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಸುರಿನಲ್ಲೇ ಹಲ್ಲು ವಸಡು ಶುಚಿ ಮಾಡಿ, ಇನ್ನೊಂದಕ್ಕೆ ಹೆರಿಗೆಯ ನಂತರ ಮಾಡಿ ಹೋಲಿಸಿದರು. 2006ರಲ್ಲಿ ಅದರ ಫಲ ಪ್ರಕಟವಾಯಿತು. ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಕೇಡಾಗಲಿಲ್ಲ, ವಸಡು ವಾಸಿಯಾಯಿತು. ಅವಧಿಗೆ ಮುಂಚಿನ ಹೆರಿಗೆ ಅದರಿಂದ ಕಡಿಮೆಯಾಗಲಿಲ್ಲ ಎಂಬುದೂ ಅಷ್ಟೇ ನಿಜ. ವಸಡಿನ ರೋಗವಿರುವ ತಾಯಂದಿರಲ್ಲಿ ದಿನ ತುಂಬದ ಹೆರಿಗೆ, ತೂಕ ಕಡಿಮೆಯ ಮಗು ಹೆಚ್ಚಾಗಿ ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಹಲ್ಲು ಶುಚಿ ಮಾಡಿಸಿಬಿಟ್ಟರೆ ಅದು ತಪ್ಪುತ್ತದೆಂದು ನಾವು ಯಾರಿಗೂ ಆಸೆ ಹುಟ್ಟಿಸಬಾರದು. ತಾಯಿ ನೋವಿಲ್ಲದೆ ಎರಡು ತುತ್ತು ಉಣ್ಣಬೇಕು, ಬಾವು ಬಂದು ಪ್ರಾಣಕ್ಕೆ ಸಂಚಕಾರವಾಗಬಾರದು. ಹಲ್ಲು ನೋಡಿಸುವುದಕ್ಕೆ ಇಷ್ಟು ಕಾರಣ ಸಾಲದೆ?

ಹಾಗಾದರೆ ಯಾವಾಗ ಹೋಗಬೇಕು? ಕಾದು ಮಾಡಿಸಬಹುದಾದ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳೊಳಗಿನ ಕಾಲ ಅನುಕೂಲ. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನೋವು, ಊತ, ಕೀವು ಇದ್ದರೆ ತಿಂಗಳು ನೋಡಬೇಡಿ, ಆ ದಿನವೇ ಹೋಗಿ. ಮರಗಟ್ಟಿಸುವ ಸಾಮಾನ್ಯ ಚುಚ್ಚುಮದ್ದು, ಹುಳುಕು ತುಂಬುವುದು, ಬೇಕಾದರೆ ಕೀಳುವುದು, ರಕ್ಷೆಯ ಹೊದಿಕೆ ಹಾಕಿ ಒಂದು ಎಕ್ಸ್‌ರೇ ತೆಗೆಯುವುದು, ಇವೆಲ್ಲ ಬಸುರಿನಲ್ಲಿ ಮಾಡಬಹುದಾದವು. ಎಷ್ಟನೆಯ ತಿಂಗಳೆಂದು ಮಾತ್ರ ಹೇಳಲೇಬೇಕು. ತಾಯಿ ಕಾರ್ಡು ತೋರಿಸಬೇಕು. ಕೊನೆಯ ತಿಂಗಳುಗಳಲ್ಲಿ ಕುರ್ಚಿಯಲ್ಲಿ ಅಂಗಾತ ಮಲಗಿದರೆ ತಲೆ ಸುತ್ತಬಹುದು. ಎಡಕ್ಕೆ ವಾಲಿಸಿ ಕೂರಿಸಿ ಎಂದು ಕೇಳಿ.

ಮೆಡಿಕಲ್ ಶಾಪಿನ ಬಂಧುಗಳು ಇಲ್ಲಿದ್ದರೆ ಅವರಿಗೊಂದು ವಿನಂತಿ. ಹಲ್ಲುನೋವೆಂದು ಹೆಣ್ಣುಮಗಳೊಬ್ಬಳು ಬಂದರೆ “ಬಸುರಿಯೇನಮ್ಮ?” ಎಂದು ಒಂದು ಮಾತು ಕೇಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳು ಬಸುರಿನ ಐದನೆಯ ತಿಂಗಳಿಂದೀಚೆಗೆ ಮಗುವಿನ ಮೂತ್ರಪಿಂಡಕ್ಕೂ ಗರ್ಭದ ನೀರಿಗೂ ತೊಂದರೆ ಕೊಡಬಲ್ಲವು. ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಹುಟ್ಟಲಿರುವ ಮಗುವಿನ ಹಲ್ಲಿಗೆ ಅಳಿಯದ ಕಲೆ ಹಚ್ಚುತ್ತದೆ. ಇವನ್ನು ವೈದ್ಯರ ಚೀಟಿಯಿಲ್ಲದೆ ಕೊಡಬೇಡಿ. ಜ್ವರ ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕೊಡುವುದುಂಟು, ಅದನ್ನೂ ಕೇಳಿಯೇ ತೆಗೆದುಕೊಳ್ಳುವುದು ಲೇಸು.

ಬೀದಿಯ ಚಿಲ್ಲರೆ ಅಂಗಡಿಯವರು ಬೇಸರ ಪಡಬಾರದು, ಕಡ್ಡಿಪುಡಿಯ ಮಾತನ್ನೂ ಆಡಲೇಬೇಕು. ಹಸಿವು ತಡೆಯಲು, ನಿದ್ದೆ ತಡೆಯಲು, ಹಲ್ಲುನೋವು ಮರೆಯಲು ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಹೊಗೆಸೊಪ್ಪಿನ ಪುಡಿಯಲ್ಲೇ ಹಲ್ಲುಜ್ಜುವವರೂ ಉಂಟು. ಮುಂಬಯಿಯಲ್ಲಿ ಸಾವಿರಕ್ಕೂ ಮೇಲ್ಪಟ್ಟು ಗರ್ಭಿಣಿಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಗೆಸೊಪ್ಪು ಹಾಕುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಅವರಲ್ಲಿ ದಿನ ತುಂಬದ ಹೆರಿಗೆಯೂ ಹೆಚ್ಚಾಗಿತ್ತು. 105 ಗ್ರಾಂ ಎಂದರೇನೆಂದು ತಕ್ಕಡಿ ಹಿಡಿಯುವ ನಿಮಗೆ ನಾವು ಹೇಳಬೇಕಿಲ್ಲ. ಆದರೆ ಎರಡೂವರೆ ಕಿಲೋ ಮುಟ್ಟದ ಕೂಸಿಗೆ ಅದು ದೊಡ್ಡ ತೂಕ. ಇನ್ನೊಂದು ಸಣ್ಣ ಮಾತು ಟೈಲರುಗಳಿಗೆ: ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಬೇಡಿ. ಮುಂಬಲ್ಲಿನ ಅಂಚು ಗರಗಸವಾಗುತ್ತದೆ. ಕತ್ತರಿ ಕೊಡುವುದು ಫ್ಯಾಕ್ಟರಿಯ ಕೆಲಸ.

ಮಗುವಿನ ಲಾಭವನ್ನೂ ನೋಡಿ. ಹುಳುಕು ಮಾಡುವ ಸೂಕ್ಷ್ಮಜೀವಿಗಳು ಬಹಳ ಸಲ ತಾಯಿಯ ಬಾಯಿಯಿಂದಲೇ ಮಗುವಿನ ಬಾಯಿಗೆ ಹೋಗುತ್ತವೆ. ಒಂದೇ ಚಮಚದಲ್ಲಿ ರುಚಿ ನೋಡಿ ಉಣಿಸುತ್ತೇವಲ್ಲ, ಹಾಗೆ. ತಾಯಿಯ ಹುಳುಕು ವಾಸಿಯಾಗಿ ಬಾಯಿ ಶುಚಿಯಾಗಿದ್ದರೆ ಮಗುವಿನ ಹಲ್ಲಿಗೂ ರಕ್ಷೆ. ಫ್ಲೋರೈಡ್ ಇರುವ ಪೇಸ್ಟು, ಮೆತ್ತನೆಯ ಬ್ರಷ್ಷು, ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ರಕ್ತ ಬರುತ್ತದೆಂದು ಉಜ್ಜುವುದನ್ನು ಬಿಡುತ್ತಾರೆ. ಬಿಟ್ಟಷ್ಟೂ ಕಿಟ್ಟ ಬೆಳೆದು ರಕ್ತ ಹೆಚ್ಚುತ್ತದೆ. ಇಟ್ಟಿಗೆ ಪುಡಿ, ಇದ್ದಿಲ ಪುಡಿ ಹಲ್ಲನ್ನು ಸವೆಸುತ್ತವೆ.

ಈಗ ಸರ್ಕಾರದ ಬಾಗಿಲಿಗೆ ಬರೋಣ. ನಮ್ಮ ದೇಶದಲ್ಲಿ ಹಲ್ಲಿನ ವೈದ್ಯರಿಲ್ಲವೆ? 1948ರಲ್ಲಿ ದಂತವೈದ್ಯರ ಕಾಯ್ದೆ ಬಂತು. 1958ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಆಯಿತು. ಇಂದು ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಇಲ್ಲೇ ವೈಟ್‌ಫೀಲ್ಡಿನಲ್ಲಿ ಖಾಸಗಿ ದಂತ ಕಾಲೇಜಿದೆ. ಕಂಪನಿಗಳ ಗಾಜಿನ ಕಟ್ಟಡಗಳ ಎದುರಿಗೆ ಹಲ್ಲಿನ ಕ್ಲಿನಿಕ್ಕಿನ ಬೋರ್ಡುಗಳಿಗೆ ಲೆಕ್ಕವಿಲ್ಲ. ವೈದ್ಯರಿದ್ದಾರೆ, ಆದರೆ ನಮ್ಮ ಬಸುರಿ ಹೋಗುವ ಬಾಗಿಲಿನಲ್ಲಿ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರು ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗೇ ಹೋಗಬೇಕು. ನಗರದ ಕೋಟೆಯ ಬಳಿ 1935ರಿಂದ ಹೆರಿಗೆ ಮಾಡಿಸುತ್ತಿರುವ ವಾಣಿ ವಿಲಾಸ ಆಸ್ಪತ್ರೆಯೂ ಸರ್ಕಾರಿ ದಂತ ಕಾಲೇಜೂ ಅಕ್ಕಪಕ್ಕದಲ್ಲೇ ಇವೆ. ಆದರೆ ಗರುಡಾಚಾರ್‌ಪಾಳ್ಯದಿಂದ ಅಲ್ಲಿಗೆ ಹೋಗಿ, ಸಾಲಿನಲ್ಲಿ ನಿಂತು, ಬರುವುದೆಂದರೆ ಒಂದು ದಿನ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಬಹಳ ಸಂತೋಷ. ಬಸ್ಸಿನ ಚಾರ್ಜು ಉಳಿಯಿತು, ದಿನದ ಕೂಲಿ ಉಳಿಯಲಿಲ್ಲ.

ಇ.ಎಸ್.ಐ. ಇದೆಯಲ್ಲ ಎನ್ನುವಿರಿ. ಇದೆ. ಹೆರಿಗೆಗೆ 26 ವಾರದ ಸಂಬಳ ಕೊಡುವ ಏರ್ಪಾಡು 2017ರಿಂದ ಬಂದಿದೆ. ಕಾಯಿಲೆಗೆ ರಜೆ ಹಾಕಿದರೆ ಕೂಲಿಯ ಶೇಕಡ 70 ಸಿಗುತ್ತದೆ. ಆದರೆ ನಿಯಮ ನೋಡಿ: ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಲ್ಲು ತುಂಬಿಸಲು ಒಂದೇ ದಿನ ಸಾಕು. ಆ ಒಂದು ದಿನಕ್ಕೆ ದುಡ್ಡಿಲ್ಲ. ಬಾವು ಬಂದು ವಾರ ಮಲಗಿದರೆ ದುಡ್ಡುಂಟು! ಮುಂಚೆಯೇ ಎಚ್ಚರ ವಹಿಸಿದವಳಿಗೆ ನಷ್ಟ, ಮಲಗುವವರೆಗೆ ಬಿಟ್ಟವಳಿಗೆ ಪರಿಹಾರ. ಇನ್ನು ತರಕಾರಿ ಗಾಡಿಯವನ ಹೆಂಡತಿಗೆ, ಟೀ ಅಂಗಡಿಯ ಹೆಣ್ಣುಮಗಳಿಗೆ, ಮುನ್ನೇಕೊಳಾಲದ ಶೆಡ್ಡುಗಳಲ್ಲಿ ಇದ್ದುಕೊಂಡು ಮನೆಗೆಲಸಕ್ಕೆ ಹೋಗುವ ರಾಯಚೂರು ಕಲಬುರಗಿಯ ತಂಗಿಯರಿಗೆ ಇ.ಎಸ್.ಐ. ಕೂಡ ಇಲ್ಲ. ಗಿರಣಿಯವರೂ ಅಂಗಡಿಯವರೂ ಈ ವಿಷಯದಲ್ಲಿ ಒಂದೇ ಮನೆಯವರು ಎಂದು ನಾವು ಹೇಳುವುದು ಇದಕ್ಕೇ.

ಮುದುಕರಿಗೆ ಉಚಿತ ಹಲ್ಲುಸೆಟ್ಟು ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದಿತು. ಒಳ್ಳೆಯದೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ. ಹೋದ ಹಲ್ಲಿಗೆ ಯೋಜನೆ ಮಾಡಬಲ್ಲ ಸರ್ಕಾರ ಇರುವ ಹಲ್ಲನ್ನು ಉಳಿಸಲಾರದೆ? ಇಂಗ್ಲೆಂಡಿನಲ್ಲಿ ಬಸುರಿಗೆ, ಹೆರಿಗೆಯಾಗಿ 12 ತಿಂಗಳಾಗುವವರೆಗೂ, ಸರ್ಕಾರದ ಆರೋಗ್ಯ ಸೇವೆಯಲ್ಲಿ ಹಲ್ಲಿನ ಚಿಕಿತ್ಸೆಗೆ ಕಾಸಿಲ್ಲ. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ಆಯುಷ್ಮಾನ್ ಭಾರತದ ಆರೋಗ್ಯ ಕ್ಷೇಮ ಕೇಂದ್ರಗಳನ್ನು ಹೊರಡಿಸಿದಾಗ, ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಬಾಯಿಯ ಆರೋಗ್ಯವನ್ನೂ ಒಂದಾಗಿ ಬರೆದಿದೆ. ಬೆಂಗಳೂರಿನ ವಾರ್ಡುಗಳಲ್ಲಿ 2023ರಿಂದ ನಮ್ಮ ಕ್ಲಿನಿಕ್ಕುಗಳು ತೆರೆದಿವೆ. ಅಂದಮೇಲೆ ನಾವು ಕೇಳುತ್ತಿರುವುದು ಹೊಸ ಭಿಕ್ಷೆಯಲ್ಲ. ಬರೆದದ್ದನ್ನು ಮಾಡಿ ಎನ್ನುತ್ತಿದ್ದೇವೆ.

ಏನು ಮಾಡಬೇಕು? ಯೋಚಿಸಿ ನೋಡಿ: ತಾನಾಗಿಯೇ ಆರೋಗ್ಯ ಕೇಂದ್ರಕ್ಕೆ ಮತ್ತೆ ಮತ್ತೆ ಬರುವ ಆರೋಗ್ಯವಂತ ಮನುಷ್ಯಳೆಂದರೆ ಬಸುರಿಯೊಬ್ಬಳೆ. ಬಾಗಿಲಿಗೆ ಬಂದವಳ ಬಾಯಿ ನೋಡಲು ಮೊದಲಿಗೆ ದಂತವೈದ್ಯರೇ ಬೇಕಿಲ್ಲ. ಸಿಸ್ಟರಿಗೆ ಒಂದು ಬ್ಯಾಟರಿ, ಎರಡು ನಿಮಿಷ, ನಾಲ್ಕು ಪ್ರಶ್ನೆ ಸಾಕು. ವಸಡಿನಲ್ಲಿ ರಕ್ತ ಬರುತ್ತದೆಯೆ? ಹಲ್ಲು ನೋವು, ಊತ ಇದೆಯೆ? ವಾಂತಿ ಹೆಚ್ಚೆ? ಹೊಗೆಸೊಪ್ಪು ಹಾಕುತ್ತೀಯಾ? ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಕು. ಬೇಕಾದವಳಿಗೆ ದಂತವೈದ್ಯರಿಗೆ ಚೀಟಿ ಕೊಡಬೇಕು. ಆ ಚೀಟಿಯಲ್ಲಿ “ಚಿಕಿತ್ಸೆ ಮಾಡಬಹುದು” ಎಂದು ವೈದ್ಯರ ಸಹಿ ಇದ್ದರೆ ಹಲ್ಲಿನವರೂ ಹೆದರಿ ವಾಪಸು ಕಳುಹಿಸುವುದಿಲ್ಲ. ನಮ್ಮ ತಂಗಿಗೆ ಅಂದು ಬೇಕಾಗಿದ್ದುದು ಇಂಥದೊಂದು ಚೀಟಿ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಮೂರೇ. ಒಂದು, ಮೊದಲ ತಪಾಸಣೆಯಲ್ಲೇ ಬಾಯಿ ನೋಡಿ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಎರಡು, ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ಉಚಿತ ತಪಾಸಣೆಯ ದಿನವೆಂದು 2016ರಿಂದ ನಡೆದು ಬಂದಿದೆಯಷ್ಟೆ, ಆ ದಿನ ಹತ್ತಿರದ ಆಸ್ಪತ್ರೆಯಿಂದಲೋ ದಂತ ಕಾಲೇಜಿನಿಂದಲೋ ಒಬ್ಬ ದಂತವೈದ್ಯರು ಆರೋಗ್ಯ ಕೇಂದ್ರದಲ್ಲಿ ಕೂರಬೇಕು. ಮೂರು, ಚೀಟಿ ತಂದ ಬಸುರಿಗೆ ಫ್ಯಾಕ್ಟರಿ ಕೂಲಿ ಕಡಿಯದೆ ಅರ್ಧ ದಿನ ಬಿಡಬೇಕು. 2025ರಲ್ಲಿ ನಮ್ಮ ಮಹದೇವಪುರ ಬೆಂಗಳೂರು ಪೂರ್ವ ನಗರಪಾಲಿಕೆಗೆ ಸೇರಿತು. ಹೊಸ ಪಾಲಿಕೆಯವರಿಗೆ ಈ ಮೊದಲಿನ ಎರಡು ಬೇಡಿಕೆಗಳನ್ನು ಬರೆದು ಕೊಡೋಣ.

ಹೆಣ್ಣುಮಕ್ಕಳ ಮಾತನ್ನು ಯಾರು ಕೇಳುತ್ತಾರೆ ಎನ್ನಬೇಡಿ. 2016ರ ಏಪ್ರಿಲಿನಲ್ಲಿ ಪಿ.ಎಫ್. ಹಣದ ಹೊಸ ನಿಯಮದ ವಿರುದ್ಧ ಈ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಬೀದಿಗಿಳಿದಾಗ ದೆಹಲಿಯ ಸರ್ಕಾರ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ಅದಕ್ಕೆ ಹೋಲಿಸಿದರೆ ನಾವು ಕೇಳುವುದು ಒಂದು ಬ್ಯಾಟರಿಯ ಬೆಳಕು.

ಗಂಡಸರಿಗೂ ಒಂದು ಮಾತು. ಮನೆಯಲ್ಲಿ ಬಸುರಿ ಒಂದೇ ಕಡೆ ಅಗಿಯುತ್ತಿದ್ದರೆ, ಬಿಸಿ ತಣ್ಣಗೆ ತಾಗಿದರೆ ಮುಖ ಹಿಂಡಿದರೆ, ಊಟ ಬಿಟ್ಟರೆ, “ಏನಾಯಿತು?” ಎಂದು ಕೇಳಿ. ಹೆಣ್ಣು ತನ್ನ ನೋವನ್ನು ಕೊನೆಯಲ್ಲಿ ಹೇಳುತ್ತಾಳೆ. ನಮ್ಮ ತಂಗಿ ನಮಗೂ ಹೇಳಿದ್ದು ಕೆನ್ನೆ ಊದಿದ ಮೇಲೆಯೇ. ಎಷ್ಟೋ ಸಭೆಗಳಲ್ಲಿ ಭಾಷಣ ಮಾಡುವ ನಾವು ವಾರಕ್ಕೊಮ್ಮೆ ಅವಳ ಮನೆಯಲ್ಲಿ ಉಂಡು ಬರುತ್ತಿದ್ದರೂ ಅವಳು ಉಣ್ಣುತ್ತಿರಲಿಲ್ಲವೆಂಬುದನ್ನು ಕಾಣಲಿಲ್ಲ. ಆ ತಪ್ಪು ನಮ್ಮದು.

ಬರುವ 9ನೇ ತಾರೀಖು ಈ ಸಭೆಯಲ್ಲಿರುವ ಬಸುರಿಯರು ಒಬ್ಬೊಬ್ಬರಾಗಿ ಹೋಗಬೇಡಿ, ನಾಲ್ಕೈದು ಜನ ಕೂಡಿಕೊಂಡು ಹೋಗಿ. ನಮ್ಮ ಸಂಗಾತಿಗಳು ಜೊತೆಗೆ ಬರುತ್ತಾರೆ. ಜಗಳ ಬೇಡ. ಆ ಸಿಸ್ಟರೂ ಆಶಾ ಅಕ್ಕನೂ ನಮ್ಮ ಹಾಗೆ ಹೆಚ್ಚು ಕೆಲಸ ಕಡಿಮೆ ಸಂಬಳದವರೇ. ತೂಕ ನೋಡಿ ಆದ ಮೇಲೆ ಮೆತ್ತಗೆ ಕೇಳಿ: “ಸಿಸ್ಟರ್, ಬಾಯನ್ನೂ ಒಂದು ಸಲ ನೋಡಿ, ಕಾರ್ಡಿನಲ್ಲಿ ಬರೆಯಿರಿ.” ಬರೆದರೆ ಸರಿ. ಬರೆಯದಿದ್ದರೆ ಹತ್ತನೇ ತಾರೀಖು ಬಂದು ನಮಗೆ ಹೇಳಿ.